ಕೆಲಸ ಬಿಡುವುದೂ ಒಂದು ಕೆಲಸ

ರಾಜೀನಾಮೆ ಪತ್ರಕ್ಕೆ ನಾಲ್ಕೈದು ಸಾಲು ಸಾಕು. ‘ಹಿರಿಯ ಅಕೌಂಟೆಂಟ್ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದ ಷರತ್ತಿನಂತೆ ಇಂದಿನಿಂದ 60 ದಿನಗಳ ನೋಟಿಸ್ ಅವಧಿ ಪೂರೈಸುತ್ತೇನೆ; ನನ್ನ ಕೊನೆಯ ಕೆಲಸದ ದಿನ ಇಂಥ ತಾರೀಕು. ಅಷ್ಟರೊಳಗೆ ನೀವು ಹೇಳಿದವರಿಗೆ ನನ್ನ ಕೆಲಸಗಳನ್ನೆಲ್ಲ ವಹಿಸಿಕೊಡುತ್ತೇನೆ. ಇಷ್ಟು ವರ್ಷ ಕೊಟ್ಟ ಅವಕಾಶಕ್ಕೆ ಕೃತಜ್ಞ. ರಾಜೀನಾಮೆ ಅಂಗೀಕಾರವಾದದ್ದನ್ನು ದಯವಿಟ್ಟು ಲಿಖಿತವಾಗಿ ತಿಳಿಸಿ.’ ಕೆಳಗೆ ಸಹಿ, ಮೇಲೆ ತಾರೀಕು. ಇದಕ್ಕಿಂತ ಹೆಚ್ಚು ಬರೆದರೆ ಸಾಮಾನ್ಯವಾಗಿ ಬರೆದವರಿಗೇ ನಷ್ಟ.

ಯಾಕೆ ಬಿಡುತ್ತಿದ್ದೇನೆ ಎಂದು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ತಡೆದಿಟ್ಟ ಬಡ್ತಿ, ಎಲ್ಲರೆದುರು ಬೈಸಿಕೊಂಡದ್ದು, ತನ್ನ ಕೆಲಸಕ್ಕೆ ಬೇರೆಯವರು ಹೆಸರು ಹಾಕಿಕೊಂಡದ್ದು ಎಲ್ಲ ಆ ಹೊತ್ತಿಗೆ ಒಟ್ಟಾಗಿ ಎದ್ದು ಬರುತ್ತವೆ. ಆದರೆ ಆ ಪತ್ರ ನಿಮ್ಮನ್ನು ನೋಯಿಸಿದವರ ಕೈಯಲ್ಲಿ ಉಳಿಯುವುದಿಲ್ಲ, ಫೈಲಿಗೆ ಹೋಗುತ್ತದೆ. ನಾಲ್ಕು ವರ್ಷದ ನಂತರ ನಿಮ್ಮ ಮುಖವನ್ನೇ ನೋಡದ ಒಬ್ಬ ಎಚ್‌ಆರ್, ಹೊಸ ಕಂಪನಿಯ ವಿಚಾರಣೆಗೆ ಉತ್ತರಿಸಲು ಅದನ್ನು ತೆಗೆದು ಓದುತ್ತಾರೆ. ಹೇಳಲೇಬೇಕಾದ್ದನ್ನು ಎದುರು ಕೂತು ಹೇಳಿ, ಎಕ್ಸಿಟ್ ಇಂಟರ್‌ವ್ಯೂನಲ್ಲಿ ಸೌಮ್ಯವಾಗಿ, ಉದಾಹರಣೆ ಸಹಿತ ಹೇಳಿ. ಕಿರುಕುಳದಂಥ ಗಂಭೀರ ವಿಷಯವಿದ್ದರೆ ಅದು ರಾಜೀನಾಮೆ ಪತ್ರದ ಒಂದು ಪ್ಯಾರಾ ಆಗಬಾರದು, ಪ್ರತ್ಯೇಕ ದೂರಾಗಬೇಕು. ಲೈಂಗಿಕ ಕಿರುಕುಳದ ದೂರನ್ನು 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ಸಾಮಾನ್ಯವಾಗಿ 3 ತಿಂಗಳೊಳಗೆ ಕೊಡಬೇಕು. ಕೆಲಸ ಬಿಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಪತ್ರದಲ್ಲೇ ಕಾರಣ ಬರೆಯಬೇಕಾದ ಒಂದು ಸಂದರ್ಭವಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಪತ್ರಕ್ಕಿಂತ ಮೊದಲು ಮಾತು. ಶುಕ್ರವಾರ ಸಂಜೆ ಆರಕ್ಕೆ ಮೇಲ್ ಕಳಿಸಿ ಫೋನ್ ಆಫ್ ಮಾಡುವ ಚಾಳಿ ಈಗ ಸಾಕಷ್ಟು ಬೆಳೆದಿದೆ. ನಿಮ್ಮ ನೇರ ಮೇಲಧಿಕಾರಿಗೆ ಸುದ್ದಿ ನಿಮ್ಮ ಬಾಯಿಂದಲೇ ಸಿಗಬೇಕು. ಕ್ಯಾಂಟೀನಿನಿಂದಲ್ಲ, ವಾಟ್ಸ್ಆ್ಯಪ್ ಗುಂಪಿನಿಂದಲ್ಲ. ‘ಒಂದು ಹತ್ತು ನಿಮಿಷ ಮಾತಾಡಬೇಕಿತ್ತು’ ಎಂದು ಸಮಯ ಕೇಳಿ, ಬಾಗಿಲು ಹಾಕಿಕೊಂಡು, ಸುತ್ತುಬಳಸದೆ ಹೇಳಿ. ಹೇಳುವ ಮೊದಲು ಹೊಸ ಕೆಲಸದ ಆಫರ್ ಲೆಟರ್ ಸಹಿಯಾಗಿ ಕೈಗೆ ಬಂದಿರಬೇಕು. ‘ಸೆಲೆಕ್ಟ್ ಆಗಿದ್ದೀರಿ, ಪೇಪರ್ ಹಾಕಿ’ ಎಂಬ ಫೋನ್ ಮಾತನ್ನು ನಂಬಿ ಇದ್ದದ್ದನ್ನೂ ಕಳೆದುಕೊಂಡವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಹೇಳಿದ ಮೇಲೆ ‘ಇರಿ, ಸಂಬಳ ಹೆಚ್ಚಿಸುತ್ತೇವೆ’ ಎಂಬ ಮಾತು ಬರಬಹುದು. ಬಿಡಲು ಹೊರಟದ್ದು ಸಂಬಳಕ್ಕೇ ಆಗಿದ್ದರೆ ಯೋಚಿಸಬಹುದು. ಬೇರೆ ಕಾರಣಕ್ಕಾದರೆ ಹೆಚ್ಚಿದ ಸಂಬಳ ಆ ಕಾರಣವನ್ನು ಆರೇ ತಿಂಗಳು ಮುಚ್ಚಿಡುತ್ತದೆ. ಇದರ ಬಗ್ಗೆ ಇಷ್ಟು ಸಾಕು.

ನೋಟಿಸ್ ಅವಧಿಯ ವಿಚಾರಕ್ಕೆ ಬರೋಣ, ಜಗಳಗಳೆಲ್ಲ ಹುಟ್ಟುವುದು ಇಲ್ಲೇ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಮಾನ್ಯತಾದ ಕಂಪನಿಗಳಲ್ಲಿ 90 ದಿನ ಸಾಮಾನ್ಯ. ಅದೇ ಕಂಪನಿಗಳು ಹೊಸಬರನ್ನು ಹುಡುಕುವಾಗ ‘ಇಮಿಡಿಯೆಟ್ ಜಾಯ್ನರ್’ ಬೇಕೆನ್ನುತ್ತವೆ. ತಮ್ಮಲ್ಲಿಂದ ಹೋಗುವವರಿಗೆ ಮೂರು ತಿಂಗಳ ತಡೆ, ಬೇರೆ ಕಡೆಯಿಂದ ಬರುವವರು ಮಾತ್ರ ನಾಳೆಯೇ ಬರಬೇಕು. ಇದು ನ್ಯಾಯವಲ್ಲ, ಉದ್ಯಮ ತಾನೇ ಕೂತು ಸರಿಪಡಿಸಿಕೊಳ್ಳಬೇಕಾದ ವಿಷಯ. ವಿಮಾನದ ಪೈಲಟ್‌ಗಳಿಗೆ ಅವಧಿ ಇನ್ನೂ ದೊಡ್ಡದು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ 2017ರ ನಿಯಮ ಕಮಾಂಡರ್‌ಗಳಿಗೆ ಒಂದು ವರ್ಷ, ಸಹ ಪೈಲಟ್‌ಗಳಿಗೆ 6 ತಿಂಗಳು ಎನ್ನುತ್ತದೆ. 2023ರಲ್ಲಿ ಆಕಾಸಾ ಏರ್‌ನ 43 ಪೈಲಟ್‌ಗಳು ನೋಟಿಸ್ ಪೂರೈಸದೆ ಹೊರಟಾಗ ಕಂಪನಿ ಕೋರ್ಟ್ ಮೆಟ್ಟಿಲೇರಿತು. ಒಬ್ಬ ಪೈಲಟ್ ಬರದಿದ್ದರೆ ವಿಮಾನ ಹಾರುವುದಿಲ್ಲ, ನೂರಾರು ಜನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿ ದೀರ್ಘ ಅವಧಿಗೆ ಒಂದು ಅರ್ಥವಿದೆ. ಸಾಮಾನ್ಯ ಸಾಫ್ಟ್‌ವೇರ್ ಟೆಸ್ಟರ್‌ಗೆ 90 ದಿನ ಯಾಕೆ ಎಂಬುದಕ್ಕೆ ಒಪ್ಪುವಂಥ ಉತ್ತರ ಇನ್ನೂ ನನಗೆ ಸಿಕ್ಕಿಲ್ಲ.

ಆದರೂ ಸಹಿ ಹಾಕಿದ್ದೇವೆ, ಪಾಲಿಸಬೇಕು. ಇಲ್ಲವೇ ಮಾತಾಡಿ ಕಡಿಮೆ ಮಾಡಿಸಿಕೊಳ್ಳಬೇಕು, ಅಥವಾ ಷರತ್ತಿನಲ್ಲಿ ಅವಕಾಶವಿದ್ದರೆ ಉಳಿದ ದಿನಗಳ ಸಂಬಳ ಕಟ್ಟಿ ‘ಬೈಔಟ್’ ಮಾಡಿಕೊಳ್ಳಬೇಕು. ಇಷ್ಟವಿಲ್ಲದವರನ್ನು ಕೂರಿಸಿ ದುಡಿಸುವಂತೆ ಆದೇಶ ಕೊಡಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ಕಂಪನಿ ಕೇಳಬಹುದಾದದ್ದು ಹಣ ಮಾತ್ರ. ರಾಜೀನಾಮೆ ಉದ್ಯೋಗಿಯ ಹಕ್ಕು, ಒಲ್ಲದವರನ್ನು ಸೇವೆಯಲ್ಲಿ ಬಲವಂತವಾಗಿ ಇರಿಸಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಏರ್ ಇಂಡಿಯಾ ನೌಕರರೊಬ್ಬರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಕೂಡದು ಎಂಬಂಥ ಷರತ್ತುಗಳೂ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ನಿಲ್ಲುವುದಿಲ್ಲ. ಹಾಗೆಂದು ಹಳೆಯ ಕಂಪನಿಯ ಕೋಡ್, ಗ್ರಾಹಕರ ಪಟ್ಟಿ, ದರಪಟ್ಟಿಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬಹುದು ಎಂದಲ್ಲ. ಅದು ಕಳ್ಳತನವೇ.

ಬಾಂಡ್ ವಿಚಾರ ಸ್ವಲ್ಪ ಬೇರೆ. ‘ಬಾಂಡ್‌ಗೆಲ್ಲ ಬೆಲೆಯಿಲ್ಲ’ ಎಂದು ಹೇಳುವವರು ವಿಜಯಾ ಬ್ಯಾಂಕ್ ತೀರ್ಪನ್ನು ಓದಬೇಕು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋದ ಬ್ಯಾಂಕ್ ಅದು. 3 ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತಿಗೆ ಒಪ್ಪಿ 2007ರಲ್ಲಿ ಸೇರಿದ್ದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಪ್ರತಿಭಟಿಸುತ್ತಲೇ ಹಣ ಕಟ್ಟಿ, ಆಮೇಲೆ ಹೈಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಷರತ್ತು ಸೇವೆಯ ಅವಧಿಗೆ ಮಾತ್ರ ಸಂಬಂಧಿಸಿದ್ದು, ಮುಂದೆ ಬೇರೆಡೆ ದುಡಿಯುವುದನ್ನು ಅದು ತಡೆಯುವುದಿಲ್ಲ, ಸಾರ್ವಜನಿಕ ಬ್ಯಾಂಕ್ ಒಂದು ಹುದ್ದೆ ತುಂಬಲು ಮತ್ತೆ ದೊಡ್ಡ ಪ್ರಕ್ರಿಯೆ ನಡೆಸಬೇಕಾಗುತ್ತದೆ ಎಂಬುದು ಅದರ ವಾದಸರಣಿ. ಸೇರುವ ದಿನವೇ ಆ ಷರತ್ತನ್ನು ಓದಿ ಲೆಕ್ಕ ಹಾಕುವುದು ಜಾಣತನ. ಮೂಲ ಅಂಕಪಟ್ಟಿಯನ್ನು ಮಾತ್ರ ಯಾರ ಕೈಗೂ ಒಪ್ಪಿಸಬೇಡಿ. ಬಿಡುವ ದಿನ ಅದನ್ನು ಬಿಡಿಸಿಕೊಳ್ಳಲು ಅಲೆಯುವ ನರ್ಸ್‌ಗಳನ್ನೂ ಖಾಸಗಿ ಕಾಲೇಜಿನ ಉಪನ್ಯಾಸಕರನ್ನೂ ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೊಟ್ಟ ರಾಜೀನಾಮೆಯನ್ನು ವಾಪಸ್ ಪಡೆಯಬಹುದೇ? ಅಂಗೀಕಾರವಾಗಿ ಜಾರಿಗೆ ಬರುವ ಮುನ್ನ ಸಾಮಾನ್ಯವಾಗಿ ಪಡೆಯಬಹುದು. 2010ರ ಜೂನ್ 23ರಂದು ಲೋಕಾಯುಕ್ತ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಜುಲೈ 3ರಂದು ಅದನ್ನು ಹಿಂತೆಗೆದುಕೊಂಡದ್ದು ಬಹಳ ಜನರಿಗೆ ನೆನಪಿದೆ. ಸಾಮಾನ್ಯ ನೌಕರರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಕೊಂಕಣ ರೈಲ್ವೆಯ ಪ್ರಕರಣ. 1990ರಲ್ಲಿ ಸೇರಿದ್ದವರೊಬ್ಬರು 2013ರ ಡಿಸೆಂಬರ್‌ನಲ್ಲಿ ರಾಜೀನಾಮೆ ಪತ್ರ ಕೊಟ್ಟರು. ಆಮೇಲೂ ರೈಲ್ವೆಯವರು ಕೆಲಸಕ್ಕೆ ಕರೆಸಿಕೊಂಡರು, ಅವರೂ ಹೋದರು. 2014ರ ಮೇ ತಿಂಗಳಲ್ಲಿ ಪತ್ರ ವಾಪಸ್ ಕೇಳಿದಾಗ ‘ಏಪ್ರಿಲ್‌ನಲ್ಲೇ ಅಂಗೀಕರಿಸಿ ಆಗಿದೆ’ ಎಂಬ ಉತ್ತರ ಬಂತು. ಜುಲೈನಲ್ಲಿ ಅವರನ್ನು ಬಿಡುಗಡೆ ಮಾಡಲಾಯಿತು. ನೌಕರನಿಗೆ ಮುಟ್ಟದೆ ಕಚೇರಿಯೊಳಗೇ ಓಡಾಡಿದ ಟಿಪ್ಪಣಿ ಅಂಗೀಕಾರವಲ್ಲ ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಅವರನ್ನು ಮತ್ತೆ ಸೇವೆಗೆ ಸೇರಿಸಿತು. ‘ಅಂಗೀಕಾರವನ್ನು ಲಿಖಿತವಾಗಿ ತಿಳಿಸಿ’ ಎಂಬ ಸಾಲು ಪತ್ರದಲ್ಲಿರಲಿ ಎಂದದ್ದು ಇದಕ್ಕೇ. ಆ ಉತ್ತರದ ಪ್ರತಿ ನಿಮ್ಮ ಸ್ವಂತ ಮೇಲ್‌ನಲ್ಲಿರಲಿ.

ಸರ್ಕಾರಿ ನೌಕರಿಯಲ್ಲಿರುವವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ರಾಜೀನಾಮೆಗೂ ಸ್ವಯಂ ನಿವೃತ್ತಿಗೂ ಭೂಮಿ ಆಕಾಶದ ವ್ಯತ್ಯಾಸ. ಸೇವಾ ನಿಯಮಗಳ ಪ್ರಕಾರ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ರದ್ದಾಗಿ ಪಿಂಚಣಿ ಹಕ್ಕು ಹೋಗುತ್ತದೆ. ಎಷ್ಟು ವರ್ಷ ದುಡಿದಿದ್ದರೂ ಅಷ್ಟೇ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಒಂದು ಸರ್ಕಾರಿ ಹುದ್ದೆಯಿಂದ ಇನ್ನೊಂದಕ್ಕೆ ಹೋಗುವವರು ಇಲಾಖೆಯ ಅನುಮತಿ ಪಡೆದೇ ಅರ್ಜಿ ಹಾಕಿ, ಅದನ್ನು ಪತ್ರದಲ್ಲಿ ನಮೂದಿಸಿಯೇ ಬಿಡಬೇಕು. ಸಿಟ್ಟಿನಲ್ಲಿ ಒಂದು ಹಾಳೆ ಗೀಚಿಕೊಟ್ಟು ಇಪ್ಪತ್ತು ವರ್ಷದ ಸೇವೆಯನ್ನು ಕಳೆದುಕೊಂಡವರ ಮನೆಯ ಸಂಕಟವನ್ನು ಹತ್ತಿರದಿಂದ ನೋಡಿದವರಿಗೇ ಗೊತ್ತು.

ಇಷ್ಟೆಲ್ಲ ಕಾನೂನು. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಪತ್ರ ಕೊಟ್ಟ ದಿನಕ್ಕೂ ಕೊನೆಯ ದಿನಕ್ಕೂ ನಡುವಿನ ಕಾಲ. ಬಿಡುವವರು ನಿಜಕ್ಕೂ ಎಂಥ ಕೆಲಸಗಾರರು ಎಂಬುದು ತಿಳಿಯುವುದು ಆಗಲೇ. ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬರು ನನಗೆ ಪರಿಚಯ. ಮಾಲೀಕರ ಜತೆ ಅವರಿಗೆ ಅಂಥ ಸೌಹಾರ್ದವೇನೂ ಉಳಿದಿರಲಿಲ್ಲ. ಬಿಡುವಾಗ ಒಂದು ಉದ್ದನೆಯ ನೋಟ್‌ಬುಕ್ ತುಂಬ ಬರೆದಿಟ್ಟರು. ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಯ ಮೊದಲ ರಿಟರ್ನ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ ಪಾವತಿ. ಡಿಜಿಟಲ್ ಸಹಿಯ ಟೋಕನ್ ಯಾವ ಡ್ರಾಯರ್‌ನಲ್ಲಿದೆ, ಅದರ ಅವಧಿ ಮುಗಿಯುವುದು ಯಾವಾಗ. ಯಾವ ಪಾರ್ಟಿ ಚೆಕ್ ಕೊಟ್ಟು ‘ಸೋಮವಾರ ಹಾಕಿ’ ಎನ್ನುತ್ತಾರೆ, ಯಾರಿಗೆ ಬಿಲ್ ಕಳಿಸಿದ ಮೇಲೆ ಫೋನ್ ಮಾಡಲೇಬೇಕು, ಯಾರು ಫೋನ್ ಮಾಡಿದರೆ ಸಿಟ್ಟಾಗುತ್ತಾರೆ. ಎಲ್ಲಕ್ಕಿಂತ ದೊಡ್ಡ ವಿಷಯ ಒಟಿಪಿ. ಬ್ಯಾಂಕು, ಜಿಎಸ್‌ಟಿ ಪೋರ್ಟಲ್, ಪಿಎಫ್ ಪೋರ್ಟಲ್ ಎಲ್ಲದಕ್ಕೂ ಇವರ ಮೊಬೈಲ್ ನಂಬರೇ ಇತ್ತು. ಒಂದೊಂದನ್ನೇ ಬದಲಾಯಿಸಿ, ಹೊಸ ಹುಡುಗನ ಫೋನಿಗೆ ಒಟಿಪಿ ಬರುವುದನ್ನು ಎದುರು ನಿಂತು ನೋಡಿ, ಅದರ ಮುಂದೆ ಟಿಕ್ ಹಾಕಿದರು. ಕೊನೆಯ ಎರಡು ವಾರ ಕೆಲಸವನ್ನು ಆ ಹುಡುಗನ ಕೈಯಲ್ಲೇ ಮಾಡಿಸಿದರು, ತಾವು ಪಕ್ಕದ ಕುರ್ಚಿಯಲ್ಲಿ ಕೂತರು. ‘ನಾನು ಹೇಳದೆ ಹೋದರೆ ಬೈಸಿಕೊಳ್ಳುವವನು ಮಾಲೀಕನಲ್ಲ, ಈ ಹುಡುಗ’ ಎಂದರು ನನ್ನ ಹತ್ತಿರ.

ಐಟಿ ಜನ ‘ಕೆಟಿ’ (ನಾಲೆಡ್ಜ್ ಟ್ರಾನ್ಸ್‌ಫರ್) ಎನ್ನುವುದು ಇದನ್ನೇ. ಅದು ಎಷ್ಟೋ ಕಡೆ ಮೂರು ಮೀಟಿಂಗ್, ಒಂದು ಪಿಪಿಟಿಯಲ್ಲಿ ಮುಗಿದುಹೋಗುತ್ತದೆ. ನೋಟಿಸ್ ಅವಧಿಯನ್ನು ಅರ್ಧ ರಜೆಯೆಂದು ಭಾವಿಸಿ ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೋಗುವವರು, ತಾವು ಬಿಟ್ಟ ಕೆಲಸದ ಭಾರ ಪಕ್ಕದ ಮೇಜಿನ ಸಹೋದ್ಯೋಗಿಯ ಮೇಲೆ ಬೀಳುತ್ತದೆ ಎಂಬುದನ್ನು ಮರೆಯುತ್ತಾರೆ. ಕಂಪನಿಯ ಮೇಲಿನ ಕೋಪ ತೀರುವುದು ಯಾವಾಗಲೂ ಇಂಥ ನಿರಪರಾಧಿಗಳ ಮೇಲೇ.

ವಿಶ್ವೇಶ್ವರಯ್ಯನವರು ದಿವಾನಗಿರಿಗೆ ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ ಸ್ವಂತ ಕಾರಿನಲ್ಲಿ ಮರಳಿದರು ಎಂಬ ಕತೆಯನ್ನು ಕೇಳದ ಕನ್ನಡಿಗರಿಲ್ಲ. ಆ ನಿರ್ಗಮನದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಆಮೇಲೆ ನಡೆದದ್ದು. 1912ರಿಂದ ದಿವಾನರಾಗಿದ್ದ ಅವರು 1918ರ ಕೊನೆಗೆ ಹುದ್ದೆಯಿಂದ ಹೊರಬಂದದ್ದು ಸರ್ಕಾರಿ ನೇಮಕಾತಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ವಿಚಾರದಲ್ಲಿ. ಅದನ್ನು ಪರಿಶೀಲಿಸಲು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದರು. ದಿವಾನರಿಗೆ ಆ ದಾರಿ ಒಪ್ಪಿಗೆಯಾಗಲಿಲ್ಲ. ಆ ವಾದದಲ್ಲಿ ಮಹಾರಾಜರೇ ಸರಿ ಎಂದು ನಾನು ನಂಬುತ್ತೇನೆ. ಆದರೆ ಅಷ್ಟು ಆಳದ ಭಿನ್ನಾಭಿಪ್ರಾಯದಿಂದ ಬೇರೆಯಾದವರ ನಡುವೆ ಬಾಗಿಲು ಮುಚ್ಚಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡುವ ಹೊತ್ತಿಗೆ ಮಾರುಕಟ್ಟೆಯಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. ಅದನ್ನು ಉಳಿಸಿಕೊಡಲು ಅದೇ ಮೈಸೂರು ಸಂಸ್ಥಾನ ಅದೇ ವಿಶ್ವೇಶ್ವರಯ್ಯನವರನ್ನು ಕರೆಯಿತು, ಅವರು ಬಂದರು, ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದರು. ಹೊರಟಾಗ ಒಬ್ಬರನ್ನೊಬ್ಬರು ಬಯ್ದುಕೊಂಡಿದ್ದರೆ ಭದ್ರಾವತಿಯ ಚರಿತ್ರೆ ಬೇರೆಯೇ ಆಗುತ್ತಿತ್ತೋ ಏನೋ.

ಇನ್ನು ಹಣ. ಸಂಕೋಚ ಬೇಡ, ಇದು ನಿಮ್ಮ ದುಡಿಮೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ‘ಎಫ್ ಅಂಡ್ ಎಫ್‌ಗೆ 45 ದಿನ ಆಗುತ್ತೆ’ ಎಂದು ಅಂತಿಮ ಲೆಕ್ಕ ಚುಕ್ತಾವನ್ನು ಮುಂದೂಡುವ ಹಳೆಯ ರೂಢಿಯನ್ನು ಪ್ರಶ್ನಿಸಲು ಈಗ ಕಾನೂನಿನ ಬಲವಿದೆ. ಗ್ರ್ಯಾಚುಟಿಗೆ 5 ವರ್ಷದ ಸೇವೆ ಬೇಕು; ನಿಗದಿತ ಅವಧಿಯ ನೇಮಕಾತಿಯವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಲೆಕ್ಕ ಕಷ್ಟವಲ್ಲ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. 40,000 ರೂಪಾಯಿ ವೇತನದಲ್ಲಿ 6 ವರ್ಷ ದುಡಿದವರಿಗೆ ಸುಮಾರು 1,38,460 ರೂಪಾಯಿ. ಅದು 30 ದಿನದೊಳಗೆ ಬರಬೇಕು. ನಾಲ್ಕು ವರ್ಷ ಹತ್ತು ತಿಂಗಳಾದವರು ಹೊಸ ಕಂಪನಿಯ ಹತ್ತಿರ ಎರಡು ತಿಂಗಳ ಸಮಯ ಕೇಳುವುದರಲ್ಲಿ ತಪ್ಪೇನಿಲ್ಲ.

ಪಿಎಫ್ ಹಣವನ್ನು ತೆಗೆಯುವುದಕ್ಕಿಂತ ಹೊಸ ಖಾತೆಗೆ ವರ್ಗಾಯಿಸುವುದು ಒಳ್ಳೆಯದು. ಒಟ್ಟು ಸೇವೆ 5 ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ಪಿಂಚಣಿಗೆ ಬೇಕಾದ 10 ವರ್ಷದ ಎಣಿಕೆಯೂ ಮುರಿಯುತ್ತದೆ. ಪೋರ್ಟಲ್‌ನಲ್ಲಿ ‘ಬಿಟ್ಟ ದಿನಾಂಕ’ವನ್ನು ಕಂಪನಿ ತುಂಬಿದೆಯೇ ನೋಡಿಕೊಳ್ಳಿ, ತುಂಬದಿದ್ದರೆ ಕೊನೆಯ ವಂತಿಗೆಯಿಂದ ಎರಡು ತಿಂಗಳಾದ ಮೇಲೆ ನೀವೇ ತುಂಬಬಹುದು. ಹಳೆಯ ಕಂಪನಿಯಲ್ಲಿ ಬಂದ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಿ, ಇಲ್ಲದಿದ್ದರೆ ಇಬ್ಬರೂ ತೆರಿಗೆ ವಿನಾಯಿತಿ ಕೊಟ್ಟು ರಿಟರ್ನ್ ಹಾಕುವಾಗ ದೊಡ್ಡ ಮೊತ್ತ ಬಾಕಿ ಕಾಣುತ್ತದೆ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದರೆ ಅದನ್ನು ವೈಯಕ್ತಿಕ ಪಾಲಿಸಿಯಾಗಿ ಬದಲಿಸಿಕೊಳ್ಳಲು ಮುಂಚೆಯೇ ಅರ್ಜಿ ಹಾಕಿ. ಪೇ ಸ್ಲಿಪ್‌ಗಳನ್ನೆಲ್ಲ ಲ್ಯಾಪ್‌ಟಾಪ್ ಮರಳಿಸುವ ಮುನ್ನ ಇಳಿಸಿಕೊಳ್ಳಿ. ರಿಲೀವಿಂಗ್ ಲೆಟರ್ ಇಲ್ಲದೆ ಗೇಟು ದಾಟಿದವರು ಅದಕ್ಕಾಗಿ ತಿಂಗಳುಗಟ್ಟಲೆ ಮೇಲ್ ಬರೆಯುತ್ತಾ ಕೂರಬೇಕಾಗುತ್ತದೆ.

‘ವೃತ್ತಿಪರವಾಗಿ ಕೆಲಸ ಬಿಡಿ’ ಎಂಬ ಉಪದೇಶವೆಲ್ಲ ಹೆಚ್ಚಾಗಿ ಲ್ಯಾಪ್‌ಟಾಪ್ ಇರುವವರಿಗೇ ಸಿಗುತ್ತದೆ. ಹೊಸೂರು ರಸ್ತೆಯ, ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಬಿಡುವುದು ಬೇರೆಯೇ ಕಾರಣಕ್ಕೆ. ಮಗಳ ಕಾಲೇಜು ಫೀಸು, ಮನೆಯ ಬೋಗ್ಯ, ಗಂಡನ ಆಪರೇಷನ್. ಪಿಎಫ್ ಹಣ ಕೈಗೆ ಬರಬೇಕಾದರೆ ಕೆಲಸ ಬಿಡಬೇಕು ಎಂಬ ಲೆಕ್ಕ. ಬಿಟ್ಟು, ಹಣ ತೆಗೆದು, ಪಕ್ಕದ ಫ್ಯಾಕ್ಟರಿಗೆ ಹೊಸಬರಂತೆ ಸೇರುತ್ತಾರೆ. ಹದಿನೈದು ವರ್ಷ ಮಷಿನ್ ಮುಂದೆ ಕೂತ ಹೆಂಗಸಿಗೆ ಯಾವ ಕಾರ್ಖಾನೆಯಲ್ಲೂ 5 ವರ್ಷ ತುಂಬಿರುವುದಿಲ್ಲ, ಗ್ರ್ಯಾಚುಟಿ ಎಂದರೆ ಏನೆಂದೇ ಅವರು ಕಂಡಿರುವುದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ಮುಟ್ಟದಂತೆ ಮಾಡಹೊರಟಾಗ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಳಿಗೆ ಇಳಿದವರು ಇವರೇ. ಸರ್ಕಾರ 19ರಂದೇ ಹಿಂದೆ ಸರಿಯಿತು. ಅವರಿಗೆ ಪಿಎಫ್ ಉಳಿತಾಯವಲ್ಲ, ಆಪತ್ತಿಗೆ ಇರುವ ಒಂದೇ ಹಣ ಎಂಬುದು ಅಂದು ದೇಶಕ್ಕೆ ಗೊತ್ತಾಯಿತು. ಮದುವೆ, ಮಕ್ಕಳ ಓದು, ಚಿಕಿತ್ಸೆ, ಮನೆಗೆಂದು ಕೆಲಸ ಬಿಡದೆಯೇ ಪಿಎಫ್‌ನಿಂದ ಭಾಗಶಃ ಹಣ ತೆಗೆಯಬಹುದು ಎಂಬ ಮಾತು ಇಂದಿಗೂ ಎಷ್ಟೋ ಲೈನ್‌ಗಳಿಗೆ ಮುಟ್ಟಿಲ್ಲ. ಸಂಘಗಳೂ ಕಾರ್ಖಾನೆಗಳ ಕಲ್ಯಾಣಾಧಿಕಾರಿಗಳೂ ಇದೊಂದನ್ನು ಗೋಡೆಗೆ ಅಂಟಿಸಿ, ಓದಿ ಹೇಳಿದರೆ ಸಾವಿರಾರು ಹೆಂಗಸರ ಗ್ರ್ಯಾಚುಟಿ ಉಳಿಯುತ್ತದೆ.

ಪತ್ರದಲ್ಲೇ ಕಾರಣ ಬರೆಯಬೇಕಾದ, ಮೊದಲು ಹೇಳದೆ ಬಿಟ್ಟ ಆ ಒಂದು ಸಂದರ್ಭ ಫ್ಯಾಕ್ಟರಿಗೂ ಟೆಕ್ ಪಾರ್ಕಿಗೂ ಸಮಾನ. ಒಳಗೆ ಕರೆದು, ಕೂರಿಸಿ, ‘ನೀವೇ ಬರೆದುಕೊಟ್ಟರೆ ಒಳ್ಳೆಯದು, ರೆಕಾರ್ಡ್ ಕೆಡುವುದಿಲ್ಲ’ ಎಂದು ರಾಜೀನಾಮೆ ಕೇಳುವುದು. ಕಂಪನಿ ನಿಮ್ಮನ್ನು ಹುದ್ದೆ ಕಡಿತದಲ್ಲಿ ತೆಗೆದರೆ, ಕಾರ್ಮಿಕರ ವ್ಯಾಖ್ಯೆಯೊಳಗೆ ಬರುವವರಿಗೆ ನೋಟಿಸ್ ಕೊಡಬೇಕು, ಪ್ರತಿ ವರ್ಷದ ಸೇವೆಗೆ 15 ದಿನದ ವೇತನದಂತೆ ಪರಿಹಾರ ಕೊಡಬೇಕು. ನೀವಾಗಿಯೇ ಬಿಟ್ಟಿರೆಂದು ಬರೆದುಕೊಟ್ಟರೆ ಅದೇನೂ ಇಲ್ಲ. ಆ ಕೋಣೆಯಲ್ಲಿ ಏನಕ್ಕೂ ಸಹಿ ಹಾಕಬೇಡಿ. ‘ನಾಳೆ ಹೇಳುತ್ತೇನೆ’ ಎಂದು ಎದ್ದು ಬನ್ನಿ. ಅಂದೇ ರಾತ್ರಿ, ಯಾರು ಯಾವಾಗ ಏನು ಕೇಳಿದರು ಎಂದು ಎಚ್‌ಆರ್‌ಗೆ ಮೇಲ್ ಬರೆದು ಸ್ವಂತ ವಿಳಾಸಕ್ಕೂ ಒಂದು ಪ್ರತಿ ಕಳಿಸಿಕೊಳ್ಳಿ. ಹಾಕಲೇಬೇಕಾದ ಒತ್ತಡ ಬಂದರೆ ‘ಆಡಳಿತದ ಸೂಚನೆಯ ಮೇರೆಗೆ’ ಎಂಬ ಎರಡು ಮೂರು ಪದ ಆ ಪತ್ರದಲ್ಲಿರಲಿ. ನಂತರ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೋ, ನಿಮ್ಮ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೋ ನೇಮಕಾತಿ ಪತ್ರ ಮತ್ತು ಪೇ ಸ್ಲಿಪ್‌ಗಳ ಜತೆ ಹೋಗಿ. ಆ ಮೇಲ್ ಮತ್ತು ಆ ಎರಡು ಮೂರು ಪದಗಳ ಮೇಲೆಯೇ ಅಲ್ಲಿ ನಿಮ್ಮ ವಾದ ನಿಲ್ಲುತ್ತದೆ.